ತೊಟ್ಟಿಗೆ ಗೋಣಿ ಹೊದಿಸಿದ ದೂಮ

ಕತೆ ಬೇಕಾದವರು ಹತ್ತಿರ ಬಂದು ಕೂತುಕೊಳ್ಳಿ, ಬುದ್ಧಿ ಬೇಕಾದವರು ಬೇರೆ ಕಡೆ ಹೋಗಿ. ಈ ಕತೆಯಲ್ಲಿ ಬುದ್ಧಿ ಎಂಬುದು ಮದ್ದಿಗೂ ಸಿಗುವುದಿಲ್ಲ.

ಕಡಲಬೈಲು ಎಂಬ ಬಂದರಿನಲ್ಲಿ ಜಲಜಕ್ಕ ಎಂಬ ಮೀನು ಮಾರುವ ಹೆಂಗಸು ಇದ್ದಳು. ಅವಳಿಗೆ ಒಬ್ಬನೇ ಮಗ, ಹೆಸರು ದೂಮ. ವಯಸ್ಸು ಇಪ್ಪತ್ತನಾಲ್ಕು. ಎತ್ತರ ಬಾಗಿಲಿಗೆ ತಲೆ ತಾಗುವಷ್ಟು, ಮೈಯಲ್ಲಿ ಎರಡಾಳಿನ ಬಲ. ಮಂಡೆಯಲ್ಲಿ ಮಾತ್ರ ಒಂದೇ ಮಾತಿಗೆ ಜಾಗ. ಅಮ್ಮ ಒಂದು ಮಾತು ಹೇಳಿದಳೋ, ಅದು ಹೋಗಿ ಒಳಗೆ ಕೂತಿತು. ಇನ್ನೊಂದು ಮಾತು ಬಂದು ಅದನ್ನು ಹೊರಗೆ ತಳ್ಳುವವರೆಗೆ ಅದು ಅಲ್ಲಿಂದ ಏಳುವುದಿಲ್ಲ.

ಹೇಳಿದ್ದು ಕೇಳುವುದಿಲ್ಲ ಎಂದು ಅಳುವ ತಾಯಂದಿರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಜಲಜಕ್ಕ ಅಳುತ್ತಿದ್ದದ್ದು ಮಗ ಹೇಳಿದ್ದನ್ನು ಕೇಳುತ್ತಾನೆ ಎಂದು!

ದೋಣಿ ಕೆಲಸಕ್ಕೆ ಕಳಿಸಿದಳು. "ಈ ಹಗ್ಗ ಹಿಡ್ಕೊ, ಎಂತ ಆದ್ರೂ ಬಿಡ್ಬೇಡ" ಎಂದರು ದೋಣಿಯವರು. ದೋಣಿ ಹೊರಟಿತು. ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತಿದ್ದ ದೂಮ ಹಗ್ಗ ಬಿಡಲಿಲ್ಲ. ನೀರಿಗೆ ಬಿದ್ದ, ಬಿಡಲಿಲ್ಲ. ಅರ್ಧ ಮೈಲು ದೋಣಿಯ ಹಿಂದೆ ಉಪ್ಪುನೀರು ಕುಡಿಯುತ್ತ ಹೋದ, ಆಗಲೂ ಬಿಡಲಿಲ್ಲ. ಐಸ್ ಫ್ಯಾಕ್ಟರಿಗೆ ಕಳಿಸಿದಳು. "ತಣ್ಪು ಹೊರಗೆ ಹೋಗ್ತದೆ, ಬೇಗ ಬಾಗಿಲು ಹಾಕು!" ಎಂದು ಮ್ಯಾನೇಜರು ಒಳಗಿನಿಂದ ಕೂಗಿದರು. ಹೊರಗಿನಿಂದ ಹಾಕಿದ. ಮ್ಯಾನೇಜರು ಹೊರಗೆ ಬಂದಾಗ ಅವರ ಮೀಸೆಯನ್ನು ಮುರಿಯಬಹುದಿತ್ತು, ಅಷ್ಟು ಗಟ್ಟಿ ಐಸು. ಹೀಗೆ ಒಂದಲ್ಲ ಎರಡಲ್ಲ, ಊರಿನ ಆರು ಬಾಗಿಲುಗಳು ದೂಮನ ಮುಖಕ್ಕೆ ಮುಚ್ಚಿದವು.

ಬಜಾರಿನಲ್ಲಿ ಯಾರಾದರೂ "ಹೋಯ್, ದೂಮನ ಅಮ್ಮ!" ಎಂದು ಕರೆದರೆ ಜಲಜಕ್ಕನಿಗೆ ನೆಲ ಬಿರಿಯಬಾರದೇ ಎನಿಸುತ್ತಿತ್ತು. ಕರೆಯುವವರು ಸುಮ್ಮನೆ ಕರೆಯುತ್ತಿರಲಿಲ್ಲ, ಬಾಯಿಗೆ ಸೆರಗು ಮುಚ್ಚಿ ನಗುತ್ತಲೇ ಕರೆಯುತ್ತಿದ್ದರು. ಅವಳಿಗೆ ಬಂಗಾರ ಬೇಡ, ಬಂಗಲೆ ಬೇಡ. ಈ ಊರಿನಲ್ಲಿ ಒಬ್ಬರಾದರೂ, ಒಂದೇ ಒಂದು ಸಲ, "ಜಲಜ, ನಿನ್ನ ಮಗ ಒಳ್ಳೆ ಕೆಲಸ ಮಾಡಿದ" ಎನ್ನಬೇಕು. ಅದೊಂದು ಮಾತು ಕಿವಿಗೆ ಬೀಳದೆ ಸಾಯಲಿಕ್ಕೆ ಅವಳಿಗೆ ಮನಸ್ಸಿಲ್ಲ.

ಆಗ ತೆರೆದದ್ದು ಏಳನೇ ಬಾಗಿಲು, ಬೆನೆಡಿಕ್ಟಾ ಟೀಚರದ್ದು.

ಬೆನೆಡಿಕ್ಟಾ ಟೀಚರು ಊರಿನ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅವರ ಮನೆಯ ಚಾವಡಿಯಲ್ಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ. ತೊಟ್ಟಿಯಲ್ಲಿ ಕಡಲಿನ ನೀರು. ನೀರಿನಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನುಗಳು. ಹೆಸರು ಲೂಸಿ ಮತ್ತು ಲಾರೆನ್ಸ್! ಅವು ಮಲಗಲಿಕ್ಕೆ ಒಂದು ಕಡಲಹೂವು. ಹೂವೆಂದರೆ ಗಿಡದ ಹೂವಲ್ಲ, ಕಲ್ಲಿಗೆ ಅಂಟಿಕೊಂಡು ಬೆರಳು ಬೆರಳಾಗಿ ತೇಲಾಡುವ ಜೀವ. ಜಲಜಕ್ಕನಿಗೆ ಇದೊಂದು ಅರ್ಥವಾಗುತ್ತಿರಲಿಲ್ಲ. ಸಾರಿಗೂ ಸಾಲದ, ಹುರಿಯಲಿಕ್ಕೂ ಬಾರದ ಮೀನಿಗೆ ಇಷ್ಟು ದೊಡ್ಡ ಮನೆ ಯಾಕೆ?

ಆ ಮನೆಗೆ ಈಗ ಕಷ್ಟ ಬಂದಿತ್ತು. ಟೀಚರಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿ ಕಪ್ಪು ಕನ್ನಡಕ ಬಂತು. ಬಗ್ಗಬಾರದು, ನೀರಿಗೆ ಕೈ ಹಾಕಬಾರದು ಎಂದರು ಡಾಕ್ಟರು. ಅಷ್ಟೇ ಸಾಕಾಯಿತು ಪಾಚಿಗೆ. ಗಾಜಿಗೆ ಹತ್ತಿತು, ಕಲ್ಲಿಗೆ ಹತ್ತಿತು, ಉದ್ದ ಕೂದಲಿನಂತೆ ಬೆಳೆದು ಕಡಲಹೂವಿನ ಕುತ್ತಿಗೆಗೇ ಸುತ್ತಿತು. ಲೂಸಿ ಎಲ್ಲಿ, ಲಾರೆನ್ಸ್ ಎಲ್ಲಿ ಎಂದು ಹುಡುಕಬೇಕು, ಅಷ್ಟು ಹಸಿರು.

"ನೋಡು ಜಲಜ," ಎಂದರು ಟೀಚರು, "ದೂಮ ನನ್ನ ಸ್ಟೂಡೆಂಟು. ಒಂದು ದಿವಸ ನಾನು ಹೇಳುವವರೆಗೆ ಬೆಂಚಿನ ಮೇಲೆ ನಿಲ್ಲು ಅಂದೆ. ಅಂದವಳು ಮರೆತು ಮನೆಗೆ ಬಂದೆ. ಸಂಜೆ ಪಿಯೋನು ಕಿಟಕಿ ಹಾಕ್ಲಿಕ್ಕೆ ಹೋದ್ರೆ ಇವ ಅಲ್ಲೇ ನಿಂತಿದ್ದ! ಆ ಪಾಪ ನನ್ನ ತಲೆ ಮೇಲೆ ಉಂಟು. ಅದಕ್ಕೆ ಇವನನ್ನು ಇಟ್ಕೊಳ್ತೇನೆ. ಆದ್ರೆ ಈ ಕನ್ನಡಕ ತೆಗೆದ ದಿವಸ ನಾನು ಮೊದಲು ನೋಡುವುದು ತೊಟ್ಟಿಯನ್ನು. ಅವತ್ತೂ ಹೀಗೇ ಕಾಡು ಬೆಳೆದಿದ್ರೆ ಲೂಸಿ ಲಾರೆನ್ಸ್ ಬದುಕುವುದಿಲ್ಲ. ಬದುಕಿದ್ದಾಗಲೇ ಯಾರಿಗಾದ್ರೂ ಕೊಟ್ಟುಬಿಡ್ತೇನೆ. ತೊಟ್ಟಿ ಇಲ್ಲದಿದ್ರೆ ದೂಮನಿಗೆ ಇಲ್ಲಿ ಎಂತ ಕೆಲಸ, ಹೇಳು?"

ಜಲಜಕ್ಕ ಮಗನ ಕಡೆ ನೋಡಿದಳು. ಮಗ ಸೂರಿನ ಕಡೆ ನೋಡುತ್ತಿದ್ದ. ಏಳನೆಯದೂ ಮುಚ್ಚಿದರೆ ಎಂಟನೇ ಬಾಗಿಲು ಕಡಲಬೈಲಿನಲ್ಲಿ ಇರಲಿಲ್ಲ.

ಮೊದಲ ದಿನ ಟೀಚರು ದೂಮನ ಕೈಗೆ ಹಳೆಯ ಟೂತ್‌ಬ್ರಶ್ ಕೊಟ್ಟರು. "ಗಾಜನ್ನು ಚೆಂದ ಮಾಡಿ ಉಜ್ಜು" ಎಂದು ಹೇಳಿ ಒಳಗೆ ಹೋಗಿ ಮಲಗಿದರು. ದೂಮ ಉಜ್ಜಿದ. ಎಂಟು ಗಂಟೆಗೆ ಶುರುಮಾಡಿದವನು ಉಜ್ಜಿದ, ಉಜ್ಜಿದ, ಬೆವರು ಇಳಿದು ಪಾದಕ್ಕೆ ಬಂದರೂ ಉಜ್ಜಿದ. ಮಧ್ಯಾಹ್ನ ಮೀನು ಮಾರಿ ಮುಗಿಸಿ ಜಲಜಕ್ಕ ಬಂದಳು. ಬುಟ್ಟಿ ಇಳಿಸಿದಳು, ನೋಡಿದಳು. ಗಾಜು ಫಳಫಳ! ಅದರಲ್ಲಿ ಅವಳ ಮೂಗುತಿಯೂ ಕಾಣುತ್ತಿತ್ತು. ಗಾಜಿನ ಆಚೆ ಪಾಚಿ ಹೇಗಿತ್ತೋ ಹಾಗೇ ಇತ್ತು.

"ಅಯ್ಯೋ ನನ್ನ ಕರ್ಮವೇ! ಹೊರಗಿಂದ ಉಜ್ಜಿದ್ಯಾ?"

"ಗಾಜು ಉಜ್ಜು ಅಂದ್ರು, ಉಜ್ಜಿದೆ."

"ಪಾಚಿ ಒಳಗೆ ಉಂಟಲ್ಲ!"

"ಒಳಗೆ ಗಂಡ ಹೆಂಡತಿ ಇದ್ದಾರಮ್ಮ. ಕರೆಯದೆ ಹೋಗುವುದು ಹೇಗೆ?"

ಜಲಜಕ್ಕ ಹಣೆ ಚಚ್ಚಿಕೊಂಡಳು. "ಮಂಡೆ ಸರಿ ಉಂಟಾ ನಿನಗೆ? ಕೆಲಸ ಅಂದ್ರೆ ಹೊರಗಿಂದ ಸವರುದಲ್ಲ! ಒಳಗೆ ಕೈ ಹಾಕ್ಬೇಕು! ಬುಡ ಹಿಡೀಬೇಕು! ಜಗ್ಗಿ ಕಿತ್ತು ತೆಗೀಬೇಕು! ತಿಳೀತಾ?"

"ತಿಳೀತಮ್ಮ. ಇನ್ನು ಹಾಗೇ ಮಾಡ್ತೇನೆ."

ಮಾಡಿದ. ಮಾಡದೆ ಇರುವ ಮಗನೇ ಅವನು? ಮರುದಿನ ಟೀಚರು ಒಳಗಿನಿಂದ ಕೂಗಿ ಹೇಳಿದರು. "ದೂಮ, ತೊಟ್ಟಿಯ ಮೇಲಿನ ಲೈಟು ಜಾಸ್ತಿ ಹೊತ್ತು ಉರಿದ್ರೆ ಪಾಚಿ ಇನ್ನೂ ಬೆಳೀತದೆ. ಅದನ್ನೊಮ್ಮೆ ಆರಿಸಿಬಿಡು."

ದೂಮ ಲೈಟಿನ ಹತ್ತಿರ ಹೋದ. ಅಮ್ಮನ ಮಾತು ಮಂಡೆಯಲ್ಲಿ ಕಾಲು ಚಾಚಿ ಕೂತಿತ್ತು. ಒಳಗೆ ಕೈ ಹಾಕಿದ. ಬುಡ ಹುಡುಕಿದ. ಲೈಟಿನ ಬುಡ ವಯರು. ವಯರಿನ ಬುಡ ಗೋಡೆ. ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಕಾಲು ಕೊಟ್ಟು, ಜಗ್ಗಿದ ನೋಡಿ! ಟಪ್! ಟುಪ್! ಢಮಾರ್! ಟ್ಯೂಬು ಬಿದ್ದು ನೂರು ಚೂರು. ಗೋಡೆಯ ಸ್ವಿಚ್ಚು ಗಾರೆಯ ಸಮೇತ ಹೊರಗೆ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು.

"ದೂಮಾ, ಕರೆಂಟು ಹೋಯ್ತಾ?" ಎಂದು ಟೀಚರು ಕೇಳಿದರು.

"ಇಲ್ಲ ಟೀಚರ್, ಎಲ್ಲಿಗೂ ಹೋಗ್ಲಿಲ್ಲ. ನನ್ನ ಕೈಯಲ್ಲೇ ಉಂಟು."

ವಯರಿಂಗಿನವನು ಬಂದು ಮನೆಗೆ ಕರೆಂಟು ಕೊಟ್ಟ, ತೊಟ್ಟಿಗೆ ಗಾಳಿ ಊದುವ ಪಂಪೂ ತಿರುಗಿತು. ತೊಟ್ಟಿಯ ಲೈಟು ಮಾತ್ರ ಮಂಗಳೂರಿನಿಂದಲೇ ಬರಬೇಕು, ನಾಲ್ಕೈದು ದಿನ ಆಗುತ್ತದೆ ಎಂದ. ಜಲಜಕ್ಕ ಮಧ್ಯಾಹ್ನ ಬಂದು ನೆಲದ ಮೇಲಿನ ಗಾಜಿನ ಚೂರು ಹೆಕ್ಕುತ್ತ ಬೊಬ್ಬೆ ಹೊಡೆದಳು.

"ಅಯ್ಯೋ ನನ್ನ ಕರ್ಮವೇ! ಲೈಟು ಎಂತ ಗೆಣಸಾ, ಕೀಳ್ಲಿಕ್ಕೆ? ಗಾಜಿನ ಸಾಮಾನು ಅಂದ್ರೆ ಹಸುಗೂಸಿನ ಹಾಗೆ! ಮೆಲ್ಲ ಎತ್ತಬೇಕು, ಬಟ್ಟೆಯಲ್ಲಿ ಸುತ್ತಬೇಕು, ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕ್ಬೇಕು! ತಿಳೀತಾ?"

"ತಿಳೀತಮ್ಮ. ಇನ್ನು ಹಾಗೇ ಮಾಡ್ತೇನೆ."

ತೊಟ್ಟಿಯೂ ಗಾಜಿನದ್ದೇ ಅಲ್ಲವೇ ಎಂದು ಕೇಳುವ ಜಾಣರು ನಿಮ್ಮಲ್ಲಿ ಇದ್ದಾರೆ, ನನಗೆ ಗೊತ್ತು. ಹೌದು, ಗಾಜಿನದ್ದೇ. ಅದು ಹಿಡಿಯುವ ಪೆಟ್ಟಿಗೆ ಆ ಮನೆಯಲ್ಲಿ ಇರಲಿಲ್ಲ, ಲೂಸಿ ಲಾರೆನ್ಸರ ಪುಣ್ಯ! ಆದರೆ ಮೀನಿನ ಊಟದ ಬಾಟಲಿ ಇತ್ತು. ಅದೂ ಗಾಜು.

"ದೂಮ, ಮೀನಿಗೆ ಊಟದ ಹೊತ್ತಾಯ್ತು. ಮೇಜಿನ ಮೇಲೆ ಬಾಟ್ಲಿ ಉಂಟು ನೋಡು" ಎಂದರು ಟೀಚರು. ದೂಮ ನೋಡಿದ. ಗಾಜು! ಮೆಲ್ಲ ಎತ್ತಿದ. ತಲೆಗೆ ಸುತ್ತಿದ್ದ ಬೈರಾಸು ಬಟ್ಟೆ ಬಿಚ್ಚಿ ಅದರಲ್ಲಿ ಸುತ್ತಿದ. ಮೂಲೆಯಲ್ಲಿದ್ದ ಟ್ರಂಕಿನೊಳಗೆ ಮಲಗಿಸಿ ಬೀಗ ಒತ್ತಿದ.

"ಆಯ್ತಾ ದೂಮ?"

"ಭದ್ರ ಆಯ್ತು ಟೀಚರ್."

ಟೀಚರಿಗೆ ಸಮಾಧಾನವಾಯಿತು. ಮರುದಿನ ಕೇಳಿದರು, "ಆಯ್ತಾ?" "ಭದ್ರವೇ ಉಂಟು ಟೀಚರ್." ಆ ದಿನವೂ ಸಮಾಧಾನವಾಯಿತು. ಲೂಸಿಗೂ ಲಾರೆನ್ಸಿಗೂ ಮಾತ್ರ ಸಮಾಧಾನ ಇರಲಿಲ್ಲ. ಅವು ಗಾಜಿಗೆ ಮೂಗೊತ್ತಿ ಟ್ರಂಕಿನ ಕಡೆಗೇ ನೋಡುತ್ತಿದ್ದವು. ಮೀನಿನ ಮುಖ ನೋಡಿ ಅದರ ತಾಜಾತನ ಹೇಳುವ ಜಲಜಕ್ಕನಿಗೆ ಹಸಿದ ಮೀನಿನ ಮುಖ ತಿಳಿಯುವುದಿಲ್ಲವೇ?

"ಊಟ ಹಾಕಿದ್ಯಾ ಇವಕ್ಕೆ?"

"ಸುತ್ತಿ ಇಟ್ಟಿದ್ದೇನೆ."

"ಅಯ್ಯೋ ನನ್ನ ಕರ್ಮವೇ! ಮೀನು ಎಂತ, ಶನಿವಾರ ಉಪವಾಸ ಮಾಡುದಾ? ಕೊಡು ಬೀಗದ ಕೈ!"

"ಅದು ಕಳೆದು ಹೋಗಬಾರದು ಅಂತ ಒಳಗೇ ಇಟ್ಟು ಬೀಗ ಹಾಕಿದೆ ಅಮ್ಮ."

ಜಲಜಕ್ಕ ನೆಲದ ಮೇಲೆ ಕೂತುಬಿಟ್ಟಳು. ಕೂತಲ್ಲಿಂದಲೇ ತನ್ನ ಬುಟ್ಟಿಗೆ ಕೈ ಹಾಕಿ, ಉಳಿದಿದ್ದ ಒಂದು ಸೀಗಡಿಯನ್ನು ಉಗುರಿನಲ್ಲಿ ಚೂರು ಚೂರು ಮಾಡಿ ತೊಟ್ಟಿಗೆ ಉದುರಿಸಿದಳು. ಮೀನುಗಳು ಒಂದು ಚೂರೂ ಬಿಡದೆ ನೆಕ್ಕಿ ತಿಂದವು. ದಿನಾ ಒಂದು ಸೀಗಡಿ ತಂದು ಹಾಕಿದರೆ ಆಯಿತು, ಟೀಚರಿಗೆ ಹೇಳುವುದು ಬೇಡ ಎಂದುಕೊಂಡಳು.

"ಕೇಳು ಮಗಾ. ನಾವು ಮೀನು ಮಾರುವವರು. ನನ್ನ ಅಜ್ಜಿ ಮಾರಿದವಳು, ನನ್ನ ಅಮ್ಮ ಮಾರಿದವಳು, ನಾನು ಮಾರುವವಳು. ನಮ್ಮ ಕೈಯಿಂದ ಒಬ್ಬರ ಮನೆಗೆ ಹೋಗುವಾಗ ಕೇಳಿದ್ದಷ್ಟೇ ಹೋದದ್ದುಂಟಾ? ಮೇಲಿಂದ ಒಂದು ಹಿಡಿ ಕೊಸರು ಹಾಕದೆ ನಾನು ಬುಟ್ಟಿ ಎತ್ತಿದವಳಲ್ಲ. ನೀನು ಕೇಳಿದ್ದನ್ನೂ ಕೊಡದೆ ಪೆಟ್ಟಿಗೆಯಲ್ಲಿಟ್ಟೆ! ಇನ್ನು ಟೀಚರು ಎಂತ ಹಾಕ್ಲಿಕ್ಕೆ ಹೇಳಿದ್ರೂ ಅಷ್ಟು ಹಾಕ್ಬೇಕು, ಮತ್ತೆ ಮೇಲಿಂದ ಒಂದು ಹಿಡಿ ಕೊಸರು ಹಾಕ್ಬೇಕು. ತಿಳೀತಾ?"

"ತಿಳೀತಮ್ಮ. ಇನ್ನು ಹಾಗೇ ಮಾಡ್ತೇನೆ."

ಮರುದಿನ ಟೀಚರು ಎರಡು ಕ್ಯಾನು ಕೊಟ್ಟರು. "ತೊಟ್ಟಿಯಿಂದ ಎರಡು ಕ್ಯಾನು ಹಳೆ ನೀರು ತೆಗಿ. ಬಂದರಿನ ನೀರು ಬೇಡ, ಅದರಲ್ಲಿ ಡೀಸೆಲು. ಆಚೆ ಕರಿಬಂಡೆಯ ಹತ್ತಿರ ಹೋಗಿ ಎರಡು ಕ್ಯಾನು ಒಳ್ಳೆ ನೀರು ತಂದು ಹಾಕು."

ದೂಮ ಎರಡು ತೆಗೆದ. ಕರಿಬಂಡೆಗೆ ಹೋದ. ಎರಡು ತುಂಬಿಸಿದ. ಎಲ್ಲ ಸರಿ! ಕತೆ ಇಲ್ಲಿಗೇ ಮುಗಿದಿದ್ದರೆ ಅವನನ್ನು ಪೆದ್ದ ಎನ್ನಲಿಕ್ಕೆ ನಿಮಗೂ ನನಗೂ ಎಲ್ಲಿತ್ತು ಅವಕಾಶ? ಆದರೆ ಕ್ಯಾನು ಎತ್ತುವಾಗ ಅವನಿಗೆ ಕೊಸರು ನೆನಪಾಯಿತು. ಕಡಲಿನ ಕೊಸರು ಯಾವುದು? ಸುತ್ತ ನೋಡಿದ. ಬಂಡೆಯ ಮೈತುಂಬ ಕಡಲಿನ ಬಸವನಹುಳು, ಅಂಗಿಯ ಗುಂಡಿಯಷ್ಟು ಸಣ್ಣದು, ಲಿಂಬೆಕಾಯಿಯಷ್ಟು ದೊಡ್ಡದು. ಒಂದು ಹಿಡಿ ಬಿಡಿಸಿದ. ದೂಮನ ಒಂದು ಹಿಡಿ ಎಂದರೆ ನಮ್ಮ ನಿಮ್ಮ ಮೂರು ಹಿಡಿ. ಎರಡು ಕ್ಯಾನು ನೀರು ತೊಟ್ಟಿಗೆ, ಮೇಲಿಂದ ಕೊಸರು ತೊಟ್ಟಿಗೆ!

ಮಧ್ಯಾಹ್ನ ಜಲಜಕ್ಕ ಬರುವ ಹೊತ್ತಿಗೆ ಹುಳುಗಳು ಊರು ನೋಡಲಿಕ್ಕೆ ಹೊರಟಿದ್ದವು. ಗಾಜಿನ ಮೇಲೆ ಹುಳು, ಕಲ್ಲಿನ ಮೇಲೆ ಹುಳು. ನಾಲ್ಕು ಹುಳು ತೊಟ್ಟಿಯಿಂದ ಹೊರಗೆ ಹತ್ತಿ ಗೋಡೆ ಹಿಡಿದು ಮಾತೆ ಮರಿಯಳ ಫೋಟೋದ ಕಡೆಗೆ ಸಾಲಾಗಿ ಹೋಗುತ್ತಿದ್ದವು. ಇನ್ನೊಂದು ಟೀಚರ ಚಪ್ಪಲಿಯೊಳಗೆ ಮಲಗಿತ್ತು.

"ಅಯ್ಯೋ ನನ್ನ ಕರ್ಮವೇ! ಎಂತದಿದು?"

"ಕೊಸರು."

ಜಲಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯಿಂದ ಒಂದೊಂದೇ ಹುಳು ಕಿತ್ತು ತೊಟ್ಟಿಗೆ ಹಾಕಿದಳು. ಹೊರಗೆ ಬಿಸಾಡಿದರೆ ಅಂಗಳದಲ್ಲಿ ಟೀಚರ ಕಾಲಿಗೆ ಸಿಕ್ಕಿ ಗುಟ್ಟು ರಟ್ಟಾಗುತ್ತದೆ ಎಂಬ ಹೆದರಿಕೆ. ಕೂಗಿ ಬೈಯುವ ಹಾಗೂ ಇಲ್ಲ. ಒಳಗೆ ಟೀಚರು ಬೇರೆ ಎಚ್ಚರವಿದ್ದಾರೆ.

"ತರುದು ತಂದೆ, ಮುಚ್ಚಿ ಇಡ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಾನು ಒಂದು ದಿವಸವಾದ್ರೂ ಬುಟ್ಟಿ ತೆರೆದು ಬಿಟ್ಟದ್ದುಂಟಾ? ಕಡಲಿನದ್ದು ಯಾವುದು ಕಂಡ್ರೂ ಬಿಸಿಲು ತಾಗ್ಲಿಕ್ಕೆ ಬಿಡಬಾರದು! ಒದ್ದೆ ಗೋಣಿ ಹೊದಿಸಬೇಕು! ಬಿಗಿ ಕಟ್ಟಬೇಕು! ಗಿರಾಕಿ ಬಂದು 'ಮೀನು ಉಂಟಾ' ಅಂತ ಬಾಯಿಬಿಟ್ಟು ಕೇಳುವವರೆಗೆ ತೆಗೀಬಾರದು! ತಿಳೀತಾ?"

"ತಿಳೀತಮ್ಮ. ಇನ್ನು ಹಾಗೇ ಮಾಡ್ತೇನೆ."

ಆ ಮಾತು ಮಂಡೆಯೊಳಗೆ ಹೋಗಿ ಕೂತಿತು. ಕೂತದ್ದು ಎಂಥ ಗಳಿಗೆಯಲ್ಲಿ ನೋಡಿ! ಮರುದಿನ ಬೆಳಿಗ್ಗೆ ಟೀಚರು ಕಣ್ಣು ತೋರಿಸಲಿಕ್ಕೆ ಮಂಗಳೂರಿಗೆ ಹೋಗಬೇಕು. ಕನ್ನಡಕ ತೆಗೆಸಿ, ತಂಗಿಯ ಮನೆಯಲ್ಲಿ ಇದ್ದು, ನಾಲ್ಕನೇ ದಿನ ಬರುವುದು. ಕೈಹಿಡಿದು ಕರೆದುಕೊಂಡು ಹೋಗಲು ಜಲಜಕ್ಕ. ಮನೆಯಲ್ಲಿ ದೂಮ ಒಬ್ಬನೇ. ಬೈಯುವವರಿಲ್ಲ, ಹೊಸ ಮಾತು ಹೇಳುವವರಿಲ್ಲ.

"ಲೂಸಿ ಲಾರೆನ್ಸ್ ಜಾಗ್ರತೆ ದೂಮ" ಎಂದರು ಟೀಚರು ರಿಕ್ಷಾ ಹತ್ತುವಾಗ.

ರಿಕ್ಷಾ ತಿರುಗಿತು. ದೂಮ ಒಳಗೆ ಬಂದ. ಕಿಟಕಿಯಿಂದ ಬಿಸಿಲು ತೊಟ್ಟಿಗೆ ಬೀಳುತ್ತಿತ್ತು. ನೋಡಿದ, ಎದೆ ಧಸಕ್ಕೆಂದಿತು. ನೀರು ಕಡಲಿನದ್ದು. ಮೀನು ಕಡಲಿನದ್ದು. ಹೂವು, ಹುಳು, ಕಲ್ಲು, ಎಲ್ಲ ಕಡಲಿನದ್ದು! ಒಂದರ ಮೇಲೂ ಗೋಣಿ ಇಲ್ಲ! ಓಡಿದ. ದಕ್ಕೆಯಿಂದ ಒಂಬತ್ತು ಗೋಣಿ ತಂದ. ಬಾವಿಯ ನೀರಿನಲ್ಲಿ ಅದ್ದಿದ, ಹಿಂಡಿದ, ಹೊದಿಸಿದ. ಮೇಲೆ ಮೂರು, ಬುಡಕ್ಕೆ ಎರಡು, ಸುತ್ತ ನಾಲ್ಕು. ಗಾಳಿಯ ನಳಿಗೆಗೆ ಒಂದು ಸಣ್ಣ ತೂತು ಬಿಟ್ಟು ದೋಣಿಯ ಹಗ್ಗದಿಂದ ಬಿಗಿದ. ಸೂಜಿಮೊನೆಯಷ್ಟು ಬೆಳಕೂ ಒಳಗೆ ಹೋಗುವ ಹಾಗಿಲ್ಲ. ಗೋಣಿ ಒಣಗಬಾರದಲ್ಲ, ಗಂಟೆಗೊಮ್ಮೆ ಎದ್ದು ನೀರು ಚಿಮುಕಿಸಿದ. ಪಕ್ಕದಲ್ಲೇ ಕೂತು ಕಾದ.

ಎರಡನೇ ದಿನ ವಯರಿಂಗಿನವನು ಹೊಸ ಲೈಟು ಹಿಡಿದು ಬಂದ.

"ತೆಗಿ ಮಾರಾಯ, ಲೈಟು ಹಾಕುವ."

"ನೀವು ಗಿರಾಕಿಯಾ?"

"ಎಂತ ಗಿರಾಕಿ?"

"ಮೀನು ಬೇಕಾ ನಿಮಗೆ?"

"ಇವತ್ತು ಸೋಮವಾರ. ನಾನು ಮೀನು ಮುಟ್ಟುದಿಲ್ಲ."

"ಹಾಗಾದ್ರೆ ತೆಗೆಯುವುದಿಲ್ಲ" ಎಂದ ದೂಮ. ವಯರಿಂಗಿನವನು ದೂಮನ ತೋಳು ನೋಡಿದ, ಲೈಟನ್ನು ಬಾಗಿಲ ಹಿಂದೆ ಇಟ್ಟು ನಡೆದ.

ನಾಲ್ಕನೇ ದಿನ ಬೆಳಿಗ್ಗೆ ರಿಕ್ಷಾ ಬಂತು. ಬೆನೆಡಿಕ್ಟಾ ಟೀಚರು ಕಪ್ಪು ಕನ್ನಡಕ ಇಲ್ಲದೆ, ಹೊಸ ಕಣ್ಣು ಬಿಟ್ಟುಕೊಂಡು ಇಳಿದರು. ಗೇಟಿನ ಬಣ್ಣ ನೋಡಿದರು, ದಾಸವಾಳ ನೋಡಿದರು, "ಆಹಾ, ಎಂಥ ಕೆಂಪು!" ಎಂದರು. ಚಾವಡಿಗೆ ಕಾಲಿಟ್ಟರು. ಹಿಂದೆ ಜಲಜಕ್ಕ.

ತೊಟ್ಟಿ ಇದ್ದ ಜಾಗದಲ್ಲಿ ಗೋಣಿಯ ಗುಡ್ಡೆ. ಮೇಲೆ ಹಗ್ಗ. ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತ ದೂಮ.

ಜಲಜಕ್ಕ ಬೆರಳು ಮಡಿಸಿ ಎಣಿಸಿದಳು. ಮೂರು ದಿನ! ಬೆಳಕಿಲ್ಲ, ಊಟವಿಲ್ಲ, ಸೀಗಡಿ ಹಾಕಲು ತಾನೂ ಇರಲಿಲ್ಲ! ಗೋಣಿ ತೆಗೆದರೆ ಒಳಗೆ ಏನಿರುತ್ತದೆ ಎಂದು ಮೂವತ್ತು ವರ್ಷ ಮೀನು ಮಾರಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಯಿತು, ಏಳನೇ ಬಾಗಿಲೂ ಮುಚ್ಚಿತು. ಬಾಗಿಲ ಚೌಕಟ್ಟು ಹಿಡಿದು ನಿಂತಳು, ಕಣ್ಣಿನಿಂದ ನೀರು ಬಳಬಳ ಸುರಿಯಿತು.

ಟೀಚರ ಮುಖ ಬಿಳುಚಿತು. "ದೂಮ..." ಎಂದರು ಮೆಲ್ಲ. "ನನ್ನ ಮೀನು... ಮೀನು ಉಂಟಾ?"

ದೂಮನ ಮುಖ ಅರಳಿತು. ಮೂರು ದಿನದಿಂದ ಕಾದಿದ್ದ ಮಾತು! "ಉಂಟು ಟೀಚರ್! ತಾಜಾ ಉಂಟು!" ಎಂದವನೇ ಹಗ್ಗ ಬಿಚ್ಚಿದ. ಒಂದು ಗೋಣಿ ಎಳೆದ. ಎರಡು ಎಳೆದ. ಒಂಬತ್ತೂ ಎಳೆದ.

ಏನು ಹೇಳಲಿ! ನೀರು ಇದೆಯೋ ಇಲ್ಲವೋ ಎಂಬಷ್ಟು ತಿಳಿ. ಹಸಿರು ಕಾಡು ಎಲ್ಲಿ ಹೋಯಿತು? ಪಾಚಿ ಸತ್ತು, ಬೆಳ್ಳಗಾಗಿ, ಉದುರಿತ್ತು. ಉದುರಿದ್ದನ್ನೂ ಉಳಿದದ್ದನ್ನೂ ಹುಳುಗಳು ಮೇಯ್ದು ಮೇಯ್ದು ದಪ್ಪಗಾಗಿ ಮೂಲೆಯಲ್ಲಿ ಸುಸ್ತಾಗಿ ಕೂತಿದ್ದವು. ಕಲ್ಲು ತೊಳೆದಿಟ್ಟ ಹಾಗಿತ್ತು. ಕಡಲಹೂವು ಕುತ್ತಿಗೆ ಬಿಡಿಸಿಕೊಂಡು ಬೆರಳು ಚಾಚಿತು. ಅದರ ನಡುವಿನಿಂದ ಮೊದಲು ಲೂಸಿ ಇಣುಕಿತು, ಹಿಂದೆ ಲಾರೆನ್ಸ್. ಎರಡೂ ಈಜಿ ಬಂದು ಗಾಜಿಗೆ ಮೂಗೊತ್ತಿ ಜಲಜಕ್ಕನನ್ನೇ ನೋಡಿದವು, ಇವತ್ತಿನ ಸೀಗಡಿ ಎಲ್ಲಿ ಎಂದು.

ಟೀಚರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ವಿಜ್ಞಾನದ ಟೀಚರಲ್ಲವೇ, ಒಂದೊಂದೇ ವಿಚಾರಣೆ ಮಾಡಿದರು. "ಲೈಟು?" "ಕಿತ್ತೆ." "ಊಟ?" "ಟ್ರಂಕಿನಲ್ಲುಂಟು." ಜಲಜಕ್ಕ ಕಣ್ಣು ಒರೆಸುತ್ತ ಸೀಗಡಿಯ ಸಂಗತಿ ಒಪ್ಪಿಸಿದಳು. "ಈ ಹುಳು?" "ಕೊಸರು!" "ಗೋಣಿ?" "ಬಿಸಿಲು ತಾಗಬಾರದಲ್ಲ ಟೀಚರ್!"

ಟೀಚರು ಕುರ್ಚಿಗೆ ಒರಗಿ ನಕ್ಕರು, ನಕ್ಕು ಹೊಸ ಕಣ್ಣಿನಲ್ಲೂ ನೀರು ಬಂತು. "ಬೆಳಕು ಕಡಿಮೆ ಮಾಡ್ಬೇಕು, ಊಟ ಕಡಿಮೆ ಮಾಡ್ಬೇಕು, ಪಾಚಿ ತಿನ್ನುವ ಹುಳು ಬಿಡ್ಬೇಕು, ಮೂರು ದಿವಸ ಕತ್ತಲೆಯಲ್ಲಿ ಇಡ್ಬೇಕು. ಎಲ್ಲ ನನಗೆ ಗೊತ್ತಿತ್ತು ಜಲಜ! ಆದ್ರೆ ಪಾಪ ಹಸಿದಿದ್ದಾವೆ ಅಂತ ದಿನಾ ಒಂದು ಚಿಟಿಕೆ ಜಾಸ್ತಿ ಹಾಕ್ತಿದ್ದೆ. ಕತ್ತಲೆಯಲ್ಲಿ ಹೆದರ್ತಾವೆ ಅಂತ ಲೈಟು ಉರಿಸ್ತಿದ್ದೆ. ನಾನೇ ಪಾಚಿ ಸಾಕಿದ್ದು." ಎದ್ದು ಬಂದು ಜಲಜಕ್ಕನ ಒದ್ದೆ ಕೈ ಹಿಡಿದರು. "ಜಲಜ, ನಿನ್ನ ಮಗ ಒಳ್ಳೆ ಕೆಲಸ ಮಾಡಿದ."

ಕೇಳಿದಿರಾ? ಆ ಮಾತೇ! ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಜಲಜಕ್ಕ ಏನು ಮಾಡಬೇಕೆಂದು ತಿಳಿಯದೆ, ಗೋಣಿಗೆ ಚಿಮುಕಿಸಿ ತಂಬಿಗೆಯಲ್ಲಿ ಉಳಿದಿದ್ದ ನೀರನ್ನೇ ಗಟಗಟ ಕುಡಿದಳು.

ಆ ಸಂತೋಷದಲ್ಲಿ ಒಂದು ತಪ್ಪಾಯಿತು. ಆವತ್ತು ಬೈಗುಳ ಇಲ್ಲ. ಬೈಗುಳ ಇಲ್ಲದ ಮೇಲೆ ಹೊಸ ಮಾತೂ ಇಲ್ಲ. ಹೊಸ ಮಾತು ಇಲ್ಲದ ಮೇಲೆ ದೂಮನ ಮಂಡೆಯಲ್ಲಿ ಗೋಣಿಯ ಮಾತು ಕೂತಲ್ಲೇ ಕೂತಿತ್ತು.

ಶನಿವಾರ ಟೀಚರು ಶಾಲೆಯ ಮಕ್ಕಳನ್ನೆಲ್ಲ ತೊಟ್ಟಿ ನೋಡಲು ಕರೆದರು. ಹೆಡ್‌ಮಾಸ್ಟರರೂ ಬಂದರು. ಅಂಗಳದಲ್ಲಿ ಚಪ್ಪರ, ವೇದಿಕೆ, ಕುರ್ಚಿ, ದೂಮನಿಗೆ ಸನ್ಮಾನ! ಟೀಚರ ನಿವೃತ್ತಿಗೆ ಬಂದ ಹನ್ನೊಂದು ಶಾಲುಗಳು ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಮಲಗಿದ್ದವು. ಅದರಲ್ಲಿ ಜರಿಯಂಚಿನದ್ದು ಒಂದು ತೆಗೆದರು. ಸೇವಂತಿಗೆಯ ದಪ್ಪ ಹಾರ ತರಿಸಿದರು. ಹೆಡ್‌ಮಾಸ್ಟರರು ಶಾಲು ಹೊದಿಸಿ, ಹಾರ ಹಾಕಿ, "ಈ ಊರಿಗೆ ಇಂಥ ಯುವಕರು ಬೇಕು" ಎಂದರು. ಮಕ್ಕಳು ಚಪ್ಪಾಳೆ ಹೊಡೆದರು. ದೂಮ ಕಂಬದ ಹಾಗೆ ನಿಂತಿದ್ದ.

ಅಷ್ಟರಲ್ಲಿ ಜಲಜಕ್ಕ ಬಂದಳು. ದಕ್ಕೆಯಿಂದ ನೇರ ಓಡಿಬಂದದ್ದು, ಸೀರೆ ಬದಲಿಸಲಿಕ್ಕೂ ಹೊತ್ತಿರಲಿಲ್ಲ. ಮೈಯಲ್ಲಿ ಮೀನಿನ ವಾಸನೆ, ಸೆರಗಿನಲ್ಲಿ ಉಪ್ಪುನೀರು, ಕೈಮೇಲೆ ಬಂಗುಡೆಯ ಹುರುಪೆ ಹೊಳೆಯುತ್ತಿತ್ತು. ಮುಂದೆ ಹೋಗಲು ನಾಚಿ ಗೇಟಿನ ಹತ್ತಿರವೇ, ಚಪ್ಪರದ ಹೊರಗೆ, ಸುಡು ಬಿಸಿಲಿನಲ್ಲಿ ನಿಂತು ಮಗನನ್ನು ನೋಡಿದಳು.

ಮಗನೂ ನೋಡಿದ. ಅವನ ಎದೆ ಧಸಕ್ಕೆಂದಿತು. ಕಡಲಿನದ್ದು! ಬಿಸಿಲಿನಲ್ಲಿ! ಮೇಲೆ ಏನೂ ಇಲ್ಲ!

ಒಂದೇ ನೆಗೆತಕ್ಕೆ ವೇದಿಕೆಯಿಂದ ಇಳಿದ. ಮೈಮೇಲಿನ ಶಾಲು ತೆಗೆದ. ಮಕ್ಕಳಿಗೆ ಕುಡಿಯಲಿಟ್ಟಿದ್ದ ಬಕೆಟಿನಲ್ಲಿ ಅದ್ದಿದ, ಹಿಂಡಿದ, ತಲೆಯಿಂದ ಮೊಣಕಾಲಿನವರೆಗೆ ಅಮ್ಮನಿಗೆ ಹೊದಿಸಿದ. ಬಿಗಿ ಕಟ್ಟಬೇಕಲ್ಲ, ಹಗ್ಗ ಎಲ್ಲಿ? ಕುತ್ತಿಗೆಯ ಹಾರ ತೆಗೆದು ಅವಳ ಸುತ್ತ ಎರಡು ಸುತ್ತು ಬಿಗಿದ.

"ಏಯ್! ಎಂತ ಮಾಡ್ತೀಯ! ಬಿಡಾ!" ಎಂದು ಶಾಲಿನೊಳಗಿನಿಂದ ಕೂಗು ಬಂತು. ಹೆಡ್‌ಮಾಸ್ಟರರು ಬಿಚ್ಚಲು ಓಡಿಬಂದರು. ದೂಮ ಅಡ್ಡ ನಿಂತ. "ನೀವು ಗಿರಾಕಿಯಾ?" ಎಂದು ಕೇಳಿದ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಬೆನೆಡಿಕ್ಟಾ ಟೀಚರಿಗೆ ಮಾತ್ರ ಅರ್ಥವಾಯಿತು. ನಿಧಾನ ನಡೆದು ಬಂದು, ನಗು ತಡೆದು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು. "ದೂಮ, ಮೀನು ಉಂಟಾ?"

"ಉಂಟು ಟೀಚರ್! ತಾಜಾ ಉಂಟು!"

ಹಾರ ಬಿಚ್ಚಿದ. ಶಾಲು ಸರಿಸಿದ. ಒಳಗೆ ಜಲಜಕ್ಕ, ತಲೆಯಿಂದ ನೀರು ಇಳಿಯುತ್ತಿದೆ, ಮೂಗುತಿಯ ಮೇಲೆ ಒಂದು ಸೇವಂತಿಗೆ ಎಸಳು. "ಅಯ್ಯೋ ನನ್ನ..." ಎಂದು ಬಾಯಿ ತೆರೆದಳು. ತೆರೆದವಳು ಮಗನ ಮುಖ ನೋಡಿದಳು. ಅಮ್ಮನಿಗೆ ಬಿಸಿಲು ತಾಗಲಿಲ್ಲವಲ್ಲ ಎಂಬ ಸಮಾಧಾನ ಆ ಮುಖದ ತುಂಬ ಇತ್ತು. ಹುಟ್ಟಿದಂದಿನಿಂದ ಅವಳಿಗೆ ಯಾರೂ ಶಾಲು ಹೊದಿಸಿರಲಿಲ್ಲ, ಹಾರ ಹಾಕಿರಲಿಲ್ಲ. ಬೈಗುಳ ಗಂಟಲಲ್ಲೇ ಕರಗಿತು.

"ಇರ್ಲಿ ಬಿಡು ಮಗಾ," ಎಂದಳು. "ಹಾಗೇ ಇರ್ಲಿ."

"ಆಯ್ತಮ್ಮ. ಹಾಗೇ ಇರ್ಲಿ" ಎಂದ ದೂಮ. ಶಾಲನ್ನು ಮತ್ತೆ ತಲೆಯ ಮೇಲೆ ಎಳೆದ, ಹಾರ ಮತ್ತೆ ಬಿಗಿದ. ಹಾಗೇ ಇರಬೇಕಾದರೆ ನಡೆಯುವುದು ಹೇಗೆ? ಅಮ್ಮನನ್ನು ಬುಟ್ಟಿಯ ಹಾಗೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಬಜಾರಿನ ನಡುವಿನಿಂದಲೇ ಮನೆಗೆ ಹೊರಟ. ಮೀನು ಮಾರುವ ಹೆಂಗಸರೆಲ್ಲ ಕತ್ತಿ ಕೆಳಗಿಟ್ಟು ಎದ್ದು ನಿಂತರು.

"ಹೋಯ್ ದೂಮ! ಜರಿ ಶಾಲಿನಲ್ಲಿ ಎಂತ ಕಟ್ಟಿಕೊಂಡು ಹೋಗ್ತೀಯ? ಯಾರದು ಒಳಗೆ?"

ದೂಮ ಉತ್ತರ ಕೊಡುವ ಮೊದಲೇ ಒದ್ದೆ ಶಾಲಿನೊಳಗಿನಿಂದ, ಬಜಾರಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ, ಮೂವತ್ತು ವರ್ಷ ಮೀನು ಕೂಗಿ ಪಳಗಿದ ಧ್ವನಿ ಬಂತು.

"ನಾನು! ದೂಮನ ಅಮ್ಮ!"